ಮುಂದಿನ ಸೀಟು

ಆಯುಧಪೂಜೆಯ ಬೆಳಿಗ್ಗೆ ಬದರಿನಾಥನಿಗೆ ಎಚ್ಚರವಾದಾಗ ಮನಸ್ಸಿನಲ್ಲಿದ್ದದ್ದು ದೇವಿಯಲ್ಲ, ಹಾಸ್ಟ್ ಎಂಬ ಹೆಸರಿನ ಒಂದು ಘಾಟಿ ರಸ್ತೆ. ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ ವಾನಕಾ ಎಂಬ ಊರು ದಾಟಿದ ಮೇಲೆ ಸಿಗುವ ಆ ರಸ್ತೆಯಲ್ಲಿ ಎಲ್ಲಿ ತಿರುವಿದೆ, ಎಲ್ಲಿ ಒಂದೇ ಗಾಡಿ ದಾಟುವಷ್ಟು ಕಿರಿದಾದ ಸೇತುವೆಯಿದೆ, ಯಾವ ಜಲಪಾತದ ಹತ್ತಿರ ಗಾಡಿ ನಿಲ್ಲಿಸಲು ಜಾಗವಿದೆ ಎಂಬುದೆಲ್ಲ ಬನಶಂಕರಿ ಮೂರನೇ ಹಂತದ ಈ ಮನೆಯ ಮಹಡಿ ಕೋಣೆಯಲ್ಲಿ ಕೂತೇ ಅವನಿಗೆ ಬಾಯಿಪಾಠವಾಗಿತ್ತು. ನಿವೃತ್ತನಾಗುವ ತನಕ ಅವನು ಸರ್ಕಾರಿ ಕಾರ್ಖಾನೆಯೊಂದರ ಯೋಜನಾ ವಿಭಾಗದಲ್ಲಿದ್ದ. ಆ ವಿಭಾಗದ ಕೆಲಸ ಯೋಜನೆ ಮಾಡುವುದು. ಅದನ್ನು ಜಾರಿಗೆ ತರುವುದು ಬೇರೆ ವಿಭಾಗದ ಕೆಲಸವಾಗಿತ್ತು, ಆ ಬೇರೆ ವಿಭಾಗ ಯಾವುದೆಂದು ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಹಾಗಾಗಿ ಜನವರಿಯಲ್ಲಿ ಆ ದ್ವೀಪಕ್ಕೆ ಹೊರಡಬೇಕಾಗಿದ್ದ ಪ್ರವಾಸದ ಯೋಜನೆಯೂ ಭರ್ಜರಿಯಾಗಿಯೇ ಮೂಡಿಬಂದಿತ್ತು. ಕ್ರೈಸ್ಟ್‌ಚರ್ಚಿನಲ್ಲಿ ಬಾಡಿಗೆ ಕಾರು ತೆಗೆದುಕೊಳ್ಳುವುದು, ಟೆಕಾಪೊ ಸರೋವರದ ದಂಡೆಯಲ್ಲಿ ತಂಗುವುದು, ಘಾಟಿ ಇಳಿದು ಕಡಲ ಕಡೆಯಿಂದ ಹಿಮನದಿ ನೋಡಲು ಹೋಗುವುದು, ಇನ್ನೊಂದು ಘಾಟಿ ಹತ್ತಿ ವಾಪಸ್ಸು ಬರುವುದು. ಕಂಪ್ಯೂಟರಿನಲ್ಲಿ ರಸ್ತೆಯ ಚಿತ್ರಗಳನ್ನು ಒಂದೊಂದಾಗಿ ಮುಂದಕ್ಕೆ ತಳ್ಳುತ್ತ ಅವನು ಆಗಲೇ ಆ ದ್ವೀಪವನ್ನು ಸುತ್ತಿ ಬಂದಿದ್ದ, ಎದುರಿಗೆ ಬಂದ ಲಾರಿಗಳಿಗೆ ದಾರಿ ಬಿಟ್ಟಿದ್ದ. ಮೌಸಿಗೆ ಕ್ಲಚ್ ಇರುವುದಿಲ್ಲ, ಏರಿನಲ್ಲಿ ಅದು ಹಿಂದಕ್ಕೆ ಜಾರುವುದೂ ಇಲ್ಲ. ಇಷ್ಟೆಲ್ಲ ಬಲ್ಲ ಬದರಿನಾಥನಿಗೆ ಕಾರು ಓಡಿಸಲು ಮಾತ್ರ ಬರುತ್ತಿರಲಿಲ್ಲ. ಇದು ಅವನೊಬ್ಬನನ್ನು ಬಿಟ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ.

ಬರುವುದಿಲ್ಲ ಎಂದು ಹೇಳಿದರೆ ಯಾರೂ ನಂಬುವಂತೆಯೂ ಇರಲಿಲ್ಲ. ಸಾಕ್ಷಿಗಳೆಲ್ಲ ಅವನ ಪರವಾಗಿದ್ದವು. ಪೋರ್ಟಿಕೋದಲ್ಲಿ ಬೂದು ಬಣ್ಣದ ಹೊದಿಕೆಯ ಕೆಳಗೆ ಕಾರಿತ್ತು. ಪರ್ಸಿನಲ್ಲಿ ಲೈಸೆನ್ಸ್ ಇತ್ತು. ಒಂದು ದಿನವೂ ಅವಧಿ ಮೀರಲು ಬಿಡದೆ ಅವನು ಅದನ್ನು ನವೀಕರಿಸಿಕೊಂಡು ಬಂದಿದ್ದ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವನ ಕಾಲ ಬಳಿಯೂ ಒಂದು ಬ್ರೇಕು, ಒಂದು ಕ್ಲಚ್ಚು ಇರುತ್ತದೆ. ಮಹೇಶ್ ಎಂಬ ಆ ಮೇಷ್ಟ್ರು ಫೋನಿನಲ್ಲಿ ಯಾವುದೋ ಸೈಟಿನ ವ್ಯವಹಾರ ಮಾತಾಡುತ್ತಲೇ ಕಾಲಿನಿಂದ ಕಾರು ನಡೆಸುತ್ತಿದ್ದ, ಬದರಿನಾಥ ಸ್ಟಿಯರಿಂಗ್ ಹಿಡಿದು ಜೆ.ಪಿ. ನಗರದ ರಸ್ತೆಗಳಲ್ಲಿ ಗಂಭೀರವಾಗಿ ಕೂತಿರುತ್ತಿದ್ದ. ಪರೀಕ್ಷೆಯ ದಿನ ಪಾಸಾದದ್ದೂ ಮಹೇಶನ ಕಾಲುಗಳೇ. ಇದು ಅವನಿಗೆ ಅರ್ಥವಾಗಿದ್ದು ಸ್ವಂತ ಕಾರು ಮನೆಗೆ ಬಂದು, ವಿಜಯಲಕ್ಷ್ಮಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಇಟ್ಟಮಡುವಿನ ಏರು ಹತ್ತಲು ಹೊರಟ ದಿನ. ಅರ್ಧ ಏರಿನಲ್ಲಿ ಕಾರು ನಿಂತಿತು. ಆಮೇಲೆ ಬಹಳ ನಿಧಾನವಾಗಿ, ಮರ್ಯಾದಸ್ಥರ ಹಾಗೆ, ಹಿಂದಕ್ಕೆ ಹೊರಟಿತು. ಹಾರ್ನುಗಳು, ಎಳನೀರಿನ ಗಾಡಿಯವನ ಕೂಗು, ಅವಳ ಕೈಯಿಂದ ಜಾರಿ ಬಿದ್ದ ಮಲ್ಲಿಗೆಯ ಪೊಟ್ಟಣ. ಕೊನೆಗೆ ಹಿಂದಿದ್ದ ಆಟೋದವನು ಬಂದು, ಇಳೀರಿ ಸಾರ್ ಎಂದು ತಾನೇ ಕೂತು ಕಾರನ್ನು ಮೇಲೆ ಹತ್ತಿಸಿ ಕೊಟ್ಟು ಹೋಗಿದ್ದ. ನಡೆದುಕೊಂಡು ಮೇಲೆ ಬಂದ ಬದರಿನಾಥ ಹೆಂಡತಿಗೆ ಹೇಳಿದ್ದು, ಕ್ಲಚ್ ಸರಿಯಿಲ್ಲ.

ಅವಳು ನಂಬಿದಳು. ನಂಬುವುದು ವಿಜಯಲಕ್ಷ್ಮಿಗೆ ಹುಟ್ಟಿನಿಂದ ಬಂದ ವಿದ್ಯೆ, ಅದರಲ್ಲಿ ಅವಳನ್ನು ಮೀರಿಸುವವರಿಲ್ಲ. ಬರೀ ನಂಬಿ ಸುಮ್ಮನಿದ್ದರೆ ಆಗುತ್ತಿತ್ತು. ಮಾರನೆಯ ದಿನವೇ ಸರ್ವೀಸ್ ಸೆಂಟರಿಗೆ ಫೋನು ಮಾಡಿ, ನಮ್ಮವರು ಎಷ್ಟು ಹುಷಾರಾಗಿ ಓಡಿಸ್ತಾರೆ ಗೊತ್ತಾ ನಿಮಗೆ ಎಂದು ಶುರುಮಾಡಿ, ಅವರು ಸೋತು ಸುಣ್ಣವಾಗುವ ತನಕ ಬಿಡಲಿಲ್ಲ. ಹೊಸ ಕಾರಿಗೆ ಇನ್ನೂ ಹೊಸದಾದ ಕ್ಲಚ್ ಬಂತು. ಬದರಿನಾಥನಿಗೆ ಅದಕ್ಕಿಂತ ದೊಡ್ಡ ವಿಪತ್ತು ಬೇರೆ ಬೇಕಿರಲಿಲ್ಲ. ಈಗ ಕಾರಿನಲ್ಲಿ ದೋಷವಿಲ್ಲವೆಂದ ಮೇಲೆ ದೋಷವನ್ನು ಬೇರೆಲ್ಲಾದರೂ ಹುಡುಕಬೇಕಿತ್ತು. ಹುಡುಕಿದಾಗ ಸಿಕ್ಕಿದ್ದು ಪರಿಸರ. ಬೆಂಗಳೂರಿನ ಗಾಳಿ ಕೆಟ್ಟುಹೋಗಿದೆ ಎಂದು ಪತ್ರಿಕೆಯಲ್ಲಿ ಬಂದ ಬರಹವನ್ನು ಒಂದು ಬೆಳಿಗ್ಗೆ ಜೋರಾಗಿ ಓದಿ, ಕಾಫಿ ಲೋಟ ಕೆಳಗಿಟ್ಟು, ಇನ್ನು ಮೇಲೆ ತಾನು ಕಾರು ಹೊರಗೆ ತೆಗೆಯುವುದಿಲ್ಲ ಎಂದು ಘೋಷಿಸಿದ. ಬಡಾವಣೆಯ ಸಂಘದವರು ಪರಿಸರ ದಿನದಂದು ಅವನಿಗೆ ಶಾಲು ಹೊದಿಸಿದರು. ಸ್ವಂತ ಕಾರಿದ್ದೂ ಬಸ್ಸಿನಲ್ಲಿ ಓಡಾಡುವ ತ್ಯಾಗಜೀವಿ ಎಂದು ಯಾರೋ ಮೈಕಿನಲ್ಲಿ ಹೇಳಿದರು. ಅವನು ಉತ್ತರವಾಗಿ ಭಾಷಣ ಮಾಡಿದ, ಮಾಡುತ್ತ ಮಾಡುತ್ತ ತಾನೇ ನಂಬಿದ. ಬ್ಯಾಟರಿ ಸತ್ತುಹೋಗಬಾರದೆಂದು ಪ್ರತಿ ಭಾನುವಾರ ಪೋರ್ಟಿಕೋದಲ್ಲೇ ಕಾರು ಸ್ಟಾರ್ಟ್ ಮಾಡಿ ಕಾಲು ಗಂಟೆ ಹೊಗೆ ಬಿಡಿಸುವಾಗ ಮಾತ್ರ ಪರಿಸರದ ವಿಷಯ ಅವನ ನೆನಪಿಗೆ ಬರುತ್ತಿರಲಿಲ್ಲ.

ಆದರೆ ಸಿದ್ಧಾಂತವನ್ನು ಬಾಳಿದವಳು ಅವಳು. ಗಾಂಧಿ ಬಜಾರಿನಿಂದ ತರಕಾರಿ ಚೀಲವನ್ನು ಬಸ್ಸಿನಲ್ಲಿ ಹೊತ್ತು ತಂದಳು. ಆಟೋ ಹತ್ತುವುದಕ್ಕೂ ಅವಳ ಮನಸ್ಸು ಒಪ್ಪದಾಯಿತು. ತುಮಕೂರಿನಲ್ಲಿ ಅಣ್ಣನ ಮಗಳ ಮದುವೆಗೆ ತಮ್ಮ ಗೌರೀಶಂಕರ ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆಂದರೂ ಕೇಳದೆ ರೇಷ್ಮೆ ಸೀರೆಯುಟ್ಟು ಕೆಂಪು ಬಸ್ಸಿನಲ್ಲಿ ನಿಂತು ಹೋದಳು. ಚೌಲ್ಟ್ರಿಯ ಬಾಗಿಲಲ್ಲಿ ಸೀರೆ ಮುದುಡಿದ್ದನ್ನು ನೋಡಿ ಯಾರೋ ನಕ್ಕಾಗ, ನಮ್ಮ ಮನೇಲಿ ಕಾರು ತೆಗೆಯಲ್ಲ, ಪರಿಸರ ಹಾಳಾಗತ್ತೆ ಅಂತ ನಮ್ಮವರು ವ್ರತ ಹಿಡಿದಿದ್ದಾರೆ ಎಂದಳಂತೆ. ಅವಳು ಅದನ್ನು ಮನೆಗೆ ಬಂದು ಹೆಮ್ಮೆಯಿಂದ ಹೇಳುತ್ತಿದ್ದಾಗ ಬದರಿನಾಥ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದಿದ್ದ. ಆಮೇಲೆ ಅವಳ ಮಂಡಿ ನೋವು ಶುರುವಾಯಿತು. ಅದಕ್ಕೂ ಬಸ್ಸಿನ ಮೆಟ್ಟಿಲಿಗೂ ಸಂಬಂಧವಿಲ್ಲ, ವಯಸ್ಸು ಎಂದು ಅವನು ಡಾಕ್ಟರಿಗಿಂತ ಮೊದಲೇ ಹೇಳಿದ್ದ.

ಪ್ರವಾಸದ ಮಾತು ತೆಗೆದವನು ಗೌರೀಶಂಕರ. ತಾನೇ ಓಡಿಸುತ್ತೇನೆ, ಭಾವ ಪ್ಲಾನ್ ಮಾಡಲಿ ಎಂದಿದ್ದ. ಆ ಏರ್ಪಾಟು ಬದರಿನಾಥನ ಜಾತಕಕ್ಕೇ ಹೇಳಿ ಬರೆಸಿದಂತಿತ್ತು. ಅವನು ಉತ್ಸಾಹದಿಂದ ಮಹಡಿ ಹತ್ತಿ ಕೂತ. ಯೋಜನೆ ಮುಗಿಯುವ ಹೊತ್ತಿಗೆ ಗೌರೀಶಂಕರನ ಕಣ್ಣಿಗೆ ಆಪರೇಷನ್ ಆಗಿ, ಸದ್ಯಕ್ಕೆ ಡ್ರೈವಿಂಗ್ ಮಾತೇ ಎತ್ತಬೇಡಿ ಎಂದು ಡಾಕ್ಟರು ಹೇಳಿದರು. ಬದರಿನಾಥನಿಗೆ ಒಳಗೊಳಗೇ ಹಾಯೆನಿಸಿತು. ಪ್ರವಾಸ ನಿಂತಿತು, ಯೋಜನೆ ಉಳಿಯಿತು, ಅವನ ಸರ್ವೀಸಿನ ಉದ್ದಕ್ಕೂ ನಡೆದದ್ದು ಅದೇ. ಆದರೆ ಗೌರೀಶಂಕರನ ಹೆಂಡತಿ ವನಿತಾ ಬದರಿನಾಥನ ಕಡೆ ತಿರುಗಿ, ಅಣ್ಣ ಇದಾರಲ್ಲ ಎಂದಳು. ವ್ರತದ ನೆಪ ಅವನ ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ವಿಜಯಲಕ್ಷ್ಮಿಯೇ ಮುಂದಾಗಿ, ಅಲ್ಲಿ ಗಾಳಿ ಅಷ್ಟು ಚೆನ್ನಾಗಿದೆ, ನೀವೊಬ್ಬರು ಓಡಿಸಿದರೆ ಏನೂ ಆಗಲ್ಲ ಎಂದು ಅವನನ್ನು ಅವನ ವ್ರತದಿಂದ ಬಿಡುಗಡೆ ಮಾಡಿಬಿಟ್ಟಳು. ಆ ರಾತ್ರಿ ಹಾಸಿಗೆ ಹಾಸುತ್ತ, ಅವಳು ಯಾವತ್ತೂ ಏನನ್ನೂ ಕೇಳದವಳು, ಒಂದು ಮಾತು ಹೇಳಿದ್ದಳು. ವ್ರತಕ್ಕೆ ಮೊದಲು ಗೌರೀಶಂಕರನ ಕಾರಿನಲ್ಲಿ ಎಷ್ಟು ಸಲ ಹೋಗಿದ್ದರೂ ಅವಳಿಗೆ ಹಿಂದಿನ ಸೀಟೇ, ತೊಡೆಯ ಮೇಲೆ ಯಾರದೋ ಬ್ಯಾಗು, ಮುಂದೆ ಇಬ್ಬರ ತಲೆ. ರಸ್ತೆ ಬರುವುದು ಕಾಣುವುದಿಲ್ಲ, ಹೋದದ್ದು ಮಾತ್ರ ಕಾಣುತ್ತದೆ. "ನನಗೆ ಬೆಟ್ಟ, ಸರೋವರ ಎಲ್ಲ ಏನಾದ್ರೂ ಇರ್ಲಿ. ನಿಮ್ಮ ಪಕ್ಕದಲ್ಲಿ ಮುಂದೆ ಕೂತ್ಕೊಂಡು ಹೋಗ್ಬೇಕು, ಅಷ್ಟೇ." ಬದರಿನಾಥ ಹೂಂ ಎಂದು ಗೋಡೆಯ ಕಡೆ ತಿರುಗಿ ಮಲಗಿದ್ದ.

ಈಗ ಹಬ್ಬದ ಬೆಳಿಗ್ಗೆ ಅವನು ಕಾರಿನ ಹೊದಿಕೆ ತೆಗೆದು ಒರೆಸುತ್ತಿದ್ದ. ಒರೆಸಲು ಏನೂ ಇರಲಿಲ್ಲ. ಬೀದಿಯಲ್ಲಿ ಎಲ್ಲರ ಗಾಡಿಗಳಿಗೂ ಗೀರು, ತಗ್ಗು, ಒಬ್ಬೊಬ್ಬರದು ಒಂದೊಂದು ಕಥೆ. ಇವನದು ಮಾತ್ರ ಮದುವೆಯ ದಿನದ ವಾಚಿನ ಹಾಗೆ ಹೊಳೆಯುತ್ತಿತ್ತು. ಎದುರು ಮನೆಯ ರಘು ಸ್ಕೂಟರ್ ತೊಳೆಯುತ್ತ, ಅಂಕಲ್ ನಿಮ್ಮ ಥರ ಗಾಡಿ ಇಟ್ಕೊಳ್ಳೋರನ್ನ ನಾನು ನೋಡೇ ಇಲ್ಲ ಎಂದ. ವ್ಯಂಗ್ಯವಿರಬಹುದೇ ಎಂದು ಬದರಿನಾಥ ಅವನ ಮುಖವನ್ನು ಎರಡು ಸಲ ನೋಡಿದ, ಪಾಪ, ಇರಲಿಲ್ಲ. ಗೌರೀಶಂಕರ, ವನಿತಾ ಕೋಣನಕುಂಟೆಯಿಂದ ಮೆಟ್ರೋ ಹಿಡಿದು ಬಂದರು. ಗೌರೀಶಂಕರ ಕಪ್ಪು ಕನ್ನಡಕದಲ್ಲಿದ್ದ. ಬಂದವನೇ ಮೊಬೈಲು ತೆಗೆದು, ಬಾಡಿಗೆ ಕಾರಿನ ಹಬ್ಬದ ಆಫರು ಇವತ್ತು ಸಂಜೆಗೆ ಮುಗಿಯುತ್ತದೆ, ಬುಕ್ ಮಾಡಿದ ಮೇಲೆ ರದ್ದು ಮಾಡುವಂತಿಲ್ಲ, ಗೇರಿಲ್ಲದ ಆಟೋಮ್ಯಾಟಿಕ್ಕೇ ತೆಗೆದುಕೊಂಡುಬಿಡೋಣವೇ ಎಂದು ಕೇಳಿದ. ಇದಕ್ಕೆ ಹೌದು ಎನ್ನುವಷ್ಟು ಬುದ್ಧಿ ಬದರಿನಾಥನಿಗೆ ಇತ್ತು. ಆದರೆ ಹಿಂದಿನ ತಿಂಗಳು ಇದೇ ಪ್ರಶ್ನೆ ಬಂದಾಗ, ಗೇರಿಲ್ಲದ ಕಾರು ಓಡಿಸೋದು ಓಡಿಸೋದೇ ಅಲ್ಲ ಎಂದು ಎಲ್ಲರೆದುರು ಅಂದಿದ್ದ. ಅಂದಮೇಲೆ ನಕ್ಕೂ ಇದ್ದ. ಹಾಗಾಗಿ ಈಗಲೂ ಅದೇ ನಗೆ ನಕ್ಕು, ಘಾಟಿಯಲ್ಲಿ ಗೇರು ಕೈಯಲ್ಲಿರಬೇಕು ಗೌರಿ ಎಂದ. ಪೂಜೆಗೆ ಸಿದ್ಧ ಮಾಡುವ ನಡುವೆ ಅವನು ಆ ಕಿರಿದಾದ ಸೇತುವೆಯಲ್ಲಿ ಎರಡು ಗಾಡಿ ಎದುರುಬದುರಾದರೆ ಯಾರು ನಿಲ್ಲಬೇಕು, ಕೆಂಪು ಸಣ್ಣ ಬಾಣ ಯಾರ ಕಡೆಗಿದೆಯೋ ಅವರು ನಿಲ್ಲಬೇಕು ಎಂದು ವನಿತಾಳಿಗೆ ವಿವರಿಸಿದ. ಎಷ್ಟು ಓದಿಕೊಂಡಿದೀರ ಅಣ್ಣ ಎಂದಳು ಅವಳು.

ಕಾರಿನ ಪೂಜೆಯೆಂದರೆ ಬದರಿನಾಥನಿಗೆ ವರ್ಷದ ಒಂದೇ ಸವಾರಿ. ಬಾಳೆಕಂದು ಕಟ್ಟಿ, ಬಾನೆಟ್ಟಿಗೆ ಅರಿಶಿನ ಕುಂಕುಮ ಹಚ್ಚಿ, ಬೂದುಗುಂಬಳ ಒಡೆದ ಮೇಲೆ ನಾಲ್ಕು ಚಕ್ರಗಳ ಮುಂದೆ ನಾಲ್ಕು ನಿಂಬೆಹಣ್ಣು ಇಡುತ್ತಾರೆ. ಅವನು ಒಳಗೆ ಕೂತು, ಸ್ಟಾರ್ಟ್ ಮಾಡಿ, ಮೊದಲ ಗೇರಿಗೆ ಹಾಕಿ, ಕಣ್ಣು ಮುಚ್ಚಿ ಕ್ಲಚ್ ಬಿಡುತ್ತಾನೆ. ಕಾರು ಒಂದು ಸಲ ಗಕ್ಕನೆ ಮುಂದಕ್ಕೆ ನೆಗೆಯುತ್ತದೆ, ನಿಂಬೆಹಣ್ಣುಗಳು ಚಪ್ಪಟೆಯಾಗುತ್ತವೆ, ಎಂಜಿನ್ ಸಾಯುತ್ತದೆ. ಪೋರ್ಟಿಕೋದ ನೆಲ ಗೇಟಿನಿಂದ ಒಳಕ್ಕೆ ಇಳಿಜಾರಾಗಿರುವುದರಿಂದ ಬ್ರೇಕು ಬಿಟ್ಟರೆ ಕಾರು ತಾನಾಗಿಯೇ ಹಿಂದಕ್ಕೆ ಜಾರಿ ಮೊದಲಿದ್ದಲ್ಲಿಗೆ ಬರುತ್ತದೆ. ಮುಂದಿನ ವರ್ಷದ ತನಕ ಅವನು ಡ್ರೈವರು. ಈ ಸಲವೂ ಎಲ್ಲ ಹಾಗೆಯೇ ಆಯಿತು. ಇಳಿಯಲು ಬಾಗಿಲಿಗೆ ಕೈ ಹಾಕಿದಾಗ ಗೌರೀಶಂಕರ ಗೇಟು ತೆರೆಯುತ್ತಿರುವುದು ಕಂಡಿತು. "ಭಾವ, ಹಾಗೇ ಒಂದು ರೌಂಡ್ ಹೋಗ್ಬರೋಣ. ಕೈ ಜಡ್ಡು ಹಿಡಿದಿರತ್ತೆ. ಆಮೇಲೆ ಬುಕ್ ಮಾಡಿದ್ರಾಯ್ತು." ಬದರಿನಾಥ ಬಾಯಿ ತೆರೆಯುವಷ್ಟರಲ್ಲಿ ಗೌರೀಶಂಕರ, ವನಿತಾ ಇಬ್ಬರೂ ಹಿಂದಿನ ಸೀಟಿನಲ್ಲಿ ಹತ್ತಿ ಕೂತಿದ್ದರು. ವಿಜಯಲಕ್ಷ್ಮಿ ಸೀರೆಯ ನೆರಿಗೆ ಎತ್ತಿಕೊಂಡು ಬಂದು ಮುಂದಿನ ಸೀಟಿನಲ್ಲಿ ಕೂತಳು. ಬೆಲ್ಟನ್ನು ಹುಡುಕಿ ಎಳೆದು ಹಾಕಿಕೊಂಡಳು, ಅದು ಸರಿಯಾಗಿ ಕೂತಿದೆಯೇ ಎಂದು ಎರಡು ಸಲ ಜಗ್ಗಿ ನೋಡಿದಳು. ಅವಳು ಅವನ ಕಡೆ ನೋಡಲಿಲ್ಲ, ಆಗಲೇ ರಸ್ತೆಯನ್ನು ನೋಡುತ್ತಿದ್ದಳು. ಹೊಟ್ಟೆ ನೋವು ಎನ್ನಬಹುದಿತ್ತು. ಪೆಟ್ರೋಲಿಲ್ಲ ಎನ್ನಬಹುದಿತ್ತು. ಅವಳ ಮುಖ ಆ ರೀತಿ ಇರದಿದ್ದರೆ ಅವನು ಎರಡನ್ನೂ ಅನ್ನುತ್ತಿದ್ದ.

ಕಾರು ಗೇಟು ದಾಟಿತು. ದಾಟಿದ್ದು ಬದರಿನಾಥನಿಗೇ ಆಶ್ಚರ್ಯ. ಸಮತಟ್ಟಾದ ಬೀದಿಯಲ್ಲಿ ಮೊದಲ ಗೇರಿನಲ್ಲೇ, ಎಂಜಿನ್ ಗೋಳಾಡುತ್ತಿದ್ದರೂ, ಅವನು ಮೂಲೆಯ ಮನೆಯನ್ನೂ ಹಾಲಿನ ಬೂತನ್ನೂ ಹಾದುಹೋದ. ಒಂದು ಗಳಿಗೆ ಹಾಸ್ಟ್ ಘಾಟಿಯ ಹಸಿರು ಅವನ ಕಣ್ಣಿನ ಮುಂದೆ ಸುಳಿಯಿತು. ಇಷ್ಟೇ ತಾನೆ, ಇಷ್ಟಕ್ಕೇ ತಾನೆ ಇಷ್ಟು ವರ್ಷ ಹೆದರಿದ್ದು ಎಂದುಕೊಂಡ. ಕಲ್ಯಾಣಮಂಟಪದ ಹತ್ತಿರ ಎಡಕ್ಕೆ ತಿರುಗಿ ಬೀದಿಯನ್ನೊಂದು ಸುತ್ತು ಹಾಕಿ ಮನೆ ಸೇರುವುದು ಅವನ ಯೋಜನೆ. ಎಡಗಡೆ ಆಟೋ ಸ್ಟ್ಯಾಂಡಿನವರು ರಸ್ತೆಗೆ ಅಡ್ಡವಾಗಿ ಶಾಮಿಯಾನ ಹಾಕಿ, ಸಾಲಾಗಿ ಆಟೋಗಳನ್ನು ನಿಲ್ಲಿಸಿ ಪೂಜೆ ಮಾಡುತ್ತಿದ್ದರು. ಉಳಿದದ್ದು ಬಲಗಡೆ. ಬಲಗಡೆಯೆಂದರೆ ಇಟ್ಟಮಡುವಿನ ಏರು. ಹಿಂದೆ ಮಾವಿನ ತೋರಣ ಕಟ್ಟಿದ ಬಸ್ಸೊಂದು ಹಾರ್ನು ಹೊಡೆಯಿತು, ಬದರಿನಾಥ ಬಲಕ್ಕೆ ತಿರುಗಿಸಿದ. ಬಾನೆಟ್ಟಿನ ಬಾಳೆಕಂದು ಗಾಳಿಗೆ ಓಲಾಡುತ್ತ ಅರ್ಧ ರಸ್ತೆಯನ್ನು ಮುಚ್ಚುತ್ತಿತ್ತು. ಅರ್ಧ ಏರಿನಲ್ಲಿ ಮುಂದಿನ ಗಾಡಿ ನಿಂತಿತು. ಅವನೂ ನಿಂತ. ಅದು ಹೊರಟಿತು. ಅವನ ಕಾರು ಒಂದು ಸಲ ನೆಗೆದು ಸತ್ತಿತು. ಆಮೇಲೆ, ತನಗೆ ಗೊತ್ತಿದ್ದ ಹಳೆಯ ದಾರಿಯನ್ನೇ ಹಿಡಿದಂತೆ, ನಿಧಾನವಾಗಿ ಹಿಂದಕ್ಕೆ ಹೊರಟಿತು.

ಹ್ಯಾಂಡ್‌ಬ್ರೇಕ್ ಹಾಕಿ ಭಾವ ಎಂದು ಗೌರೀಶಂಕರ ಹಿಂದಿನಿಂದ ಹೇಳಿದ್ದರಿಂದ ಬಸ್ಸು ಉಳಿಯಿತು. ಮತ್ತೆ ಸ್ಟಾರ್ಟ್ ಮಾಡಿದ, ಮತ್ತೆ ಸತ್ತಿತು. ಹಾರ್ನುಗಳು ಶುರುವಾದವು. ಅಂಕಲ್ ಸೈಡಿಗ್ ಹಾಕಿ ಎಂದು ಯಾವನೋ ಬೈಕಿನವನು ಕಿಟಕಿಯ ಹತ್ತಿರ ಬಾಗಿ ಹೇಳಿ ಹೋದ. ಗೌರೀಶಂಕರ ಇಳಿದು, ಕಪ್ಪು ಕನ್ನಡಕದಲ್ಲಿ, ಬಹಳ ಸಂತೋಷದಿಂದ ಬಸ್ಸಿಗೆ ದಾರಿ ತೋರಿಸತೊಡಗಿದ. ಸಂಜೆಯ ಬುಕಿಂಗು, ಕೆಂಪು ಬಾಣ, ಟೆಕಾಪೊದ ನೀಲಿ ನೀರು ಎಲ್ಲವೂ ಬದರಿನಾಥನ ತಲೆಯಲ್ಲಿ ಒಟ್ಟಿಗೆ ಗದ್ದಲ ಮಾಡುತ್ತಿದ್ದವು. ಆಗ ವಿಜಯಲಕ್ಷ್ಮಿ ಅವನ ತೋಳಿನ ಮೇಲೆ ಕೈಯಿಟ್ಟಳು.

"ಅದೇ ಕ್ಲಚ್ಚು ನೋಡಿ. ಅವತ್ತೇ ಅಂದ್ಕೊಂಡೆ ನಾನು, ಅವರು ಸರಿಯಾಗಿ ಹಾಕಿಲ್ಲ ಅಂತ. ನೀವು ಬೇಜಾರು ಮಾಡ್ಕೋಬೇಡಿ. ನಾಳೆ ಬೆಳಿಗ್ಗೆನೇ ಫೋನ್ ಮಾಡ್ತೀನಿ."

ಸುಳ್ಳನ್ನು ಅವಳು ಒಗೆದು ಮಡಿಸಿ ಅವನ ಕೈಗೆ ಕೊಡುತ್ತಿದ್ದಳು. ತಲೆಯಾಡಿಸಿದರೆ ಸಾಕಿತ್ತು. ಅವಳು ನಾಳೆ ಸರ್ವೀಸ್ ಸೆಂಟರಿನವರನ್ನು ಮತ್ತೆ ಬೈಯುತ್ತಾಳೆ, ಕಾರಿಗೆ ಮೂರನೆಯ ಕ್ಲಚ್ ಬರುತ್ತದೆ, ಜನವರಿಗೆ ಇನ್ನೊಂದು ಸಿದ್ಧಾಂತ ಸಿಗುತ್ತದೆ, ಅವಳು ಅದನ್ನೂ ಹೊತ್ತುಕೊಂಡು ಬಸ್ಸು ಹತ್ತುತ್ತಾಳೆ. ತೋಳಿನ ಮೇಲಿದ್ದ ಅವಳ ಕೈ ಅವನನ್ನು ಸಣ್ಣಗೆ ತಟ್ಟುತ್ತಿತ್ತು. ಮಂಡಿ ನೋವಿನಿಂದ ಮೆಟ್ಟಿಲು ಹತ್ತುವಾಗ ಬಸ್ಸಿನ ಕಂಬಿ ಹಿಡಿದು ಹಿಡಿದು ಆ ಅಂಗೈ ಒರಟಾಗಿತ್ತು. ಅವನಿಗೆ ತನ್ನ ಮೇಲೆ ಅಸಹ್ಯವಾಯಿತು, ಮೊದಲ ಸಲ ಅದು ಭಾಷಣವಾಗದೆ ಬರೀ ಅಸಹ್ಯವಾಗಿಯೇ ಉಳಿಯಿತು.

"ಕ್ಲಚ್ ಸರಿಯಾಗಿದೆ ವಿಜಯಾ. ಅವತ್ತೂ ಸರಿಯಾಗೇ ಇತ್ತು. ನನಗೆ ಓಡಿಸಕ್ಕೆ ಬರಲ್ಲ."

ತಟ್ಟುತ್ತಿದ್ದ ಕೈ ನಿಂತಿತು. ಹಿಂದಿನ ಸೀಟಿನಲ್ಲಿ ವನಿತಾ ಮೊಬೈಲನ್ನು ಬಹಳ ಆಸಕ್ತಿಯಿಂದ ನೋಡತೊಡಗಿದಳು, ಅದರ ಪರದೆ ಕಪ್ಪಾಗಿತ್ತು. ವಿಜಯಲಕ್ಷ್ಮಿ ಕೈಯನ್ನು ತೆಗೆದು ತನ್ನ ಮಡಿಲಲ್ಲಿ ಇಟ್ಟುಕೊಂಡಳು.

"ಹಾಗಾದ್ರೆ ಪರಿಸರ?" ಎಂದಳು.

ಅವಳು ಬೆಲ್ಟು ಬಿಚ್ಚಿದಳು, ಬಾಗಿಲು ತೆರೆದು ಇಳಿದಳು, ಬಾಗಿಲನ್ನು ಹಾಕದೆ ಹಾಗೇ ಬಿಟ್ಟು ಇಳಿಜಾರಿನಲ್ಲಿ ಕೆಳಗೆ ನಡೆದಳು. ಕೆಳಗೆ ಬಸ್ ಸ್ಟಾಪಿತ್ತು. ಹೋಗಲಿ, ಹೋಗಬೇಕಾದ್ದೇ ಎಂದು ಅವನು ಸ್ಟಿಯರಿಂಗಿಗೆ ಹಣೆ ಹಚ್ಚಿದ. ತುಮಕೂರಿನ ಚೌಲ್ಟ್ರಿಯ ಬಾಗಿಲಲ್ಲಿ ಮುದುಡಿದ ಸೀರೆಯನ್ನು ಅಂಗೈಯಿಂದ ನೀವಿಕೊಳ್ಳುತ್ತ ನಿಂತಿದ್ದ ಅವಳನ್ನು ಅವನು ನೋಡಿರಲಿಲ್ಲ, ಅವನು ಆ ದಿನ ಬೇರೆ ಏನೋ ನೆಪ ಹೇಳಿ ಹೋಗಿರಲಿಲ್ಲ, ಆದರೂ ಈಗ ಕಂಡಿತು. ತಲೆಯೆತ್ತಿ ಕನ್ನಡಿ ನೋಡಿದಾಗ ಅವಳು ಬಸ್ ಸ್ಟಾಪಿನಲ್ಲಿರಲಿಲ್ಲ. ಮನೆ ಕಟ್ಟುತ್ತಿದ್ದವರು ರಸ್ತೆಯ ಬದಿಗೆ ಸುರಿದಿದ್ದ ಕಲ್ಲಿನ ರಾಶಿಯ ಮುಂದೆ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಾಗಿದ್ದಳು. ಒಂದನ್ನು ಎತ್ತಿ ನೋಡಿ ಬಿಟ್ಟಳು. ಇನ್ನೊಂದನ್ನು ಆರಿಸಿಕೊಂಡು ಎರಡೂ ಕೈಯಲ್ಲಿ ಹಿಡಿದು, ಕುಂಟುತ್ತ ಏರಿ ಬಂದು, ಹಿಂದಿನ ಚಕ್ರಕ್ಕೆ ಒತ್ತಿ ಇಟ್ಟು, ಚಪ್ಪಲಿಯ ಕಾಲಿನಿಂದ ಎರಡು ಸಲ ಒದ್ದು ಗಟ್ಟಿ ಮಾಡಿದಳು. ಅಕ್ಕ ಏನ್ ಮಾಡ್ತಿದೀಯ ಎಂದು ಗೌರೀಶಂಕರ ಕೇಳಿದ. ಅವಳು ಕೈಯ ಧೂಳನ್ನು ಹೊಸ ಸೀರೆಗೇ ಒರೆಸಿಕೊಂಡು ಬಂದು ಮುಂದಿನ ಸೀಟಿನಲ್ಲಿ ಕೂತಳು. ಬೆಲ್ಟು ಹಾಕಿದಳು. ಜಗ್ಗಿ ನೋಡಿದಳು.

ಆಟೋದವರನ್ನು ಯಾರನ್ನಾದರೂ ಕರೆಯುತ್ತೇನೆ, ಮೇಲಕ್ಕೆ ಹತ್ತಿಸಿ ಕೊಡುತ್ತಾರೆ ಎಂದು ಬದರಿನಾಥ ಕ್ಷೀಣವಾಗಿ ಹೇಳಿದ.

"ಬೇಡ. ಈಗ ಹಿಂದಕ್ಕೆ ಹೋಗಲ್ಲ. ಸ್ಟಾರ್ಟ್ ಮಾಡಿ."

ಅವನು ಸ್ಟಾರ್ಟ್ ಮಾಡಿದ. ಕ್ಲಚ್ಚಿನ ಮೇಲಿದ್ದದ್ದು ಈ ಸಲ ಅವನ ಕಾಲೇ. ಕಾರು ನೆಗೆಯಿತು, ಸತ್ತಿತು, ಒಂದು ನಿಂಬೆಹಣ್ಣಿನಷ್ಟು ಹಿಂದಕ್ಕೆ ಸರಿದು ಕಲ್ಲಿಗೆ ತಾಗಿ ನಿಂತಿತು. ಹಿಂದೆ ಹಾರ್ನುಗಳ ಸಾಲು ಕಲ್ಯಾಣಮಂಟಪದ ತನಕ ಹೋಗಿತ್ತು.

"ಇನ್ನೊಂದ್ಸಲ," ಎಂದಳು ವಿಜಯಲಕ್ಷ್ಮಿ. ಅವಳು ಅವನ ಕಡೆ ತಿರುಗಲಿಲ್ಲ. ಅವಳ ಕಣ್ಣು ಮುಂದಿನ ರಸ್ತೆಯ ಮೇಲಿತ್ತು.